ತೂತು ಬಿದ್ದ ಪರಾತದಾಗ ತವರಮನಿ ಹಿತ್ತಲ

ಹಳೇ ಡಬ್ಬಿ, ಹರಕ ಅರಿವಿ, ಒಡದ ಬಳಿ, ತಳ ಹೋದ ಪಾತ್ರಿ, ಇಂಥಾವನ್ನ ಕಸದ ಗಾಡಿಗೆ ಹಾಕಾಕ ನನಗ ಕೈ ಬರೂದಿಲ್ಲ. ಹುನಗುಂದದ ನಮ್ಮನಿ ಮಾಳಗಿ ಮ್ಯಾಲ ಮೂರು ಗೋಣಿಚೀಲ ತುಂಬಿ ಇಟ್ಟೀನಿ. "ನಾಕನೇ ಚೀಲ ಆತಂದ್ರ ಗುಜರಿಯಂವಗ ನಿನ್ನನ್ನೂ ಕೂಡಿಸಿ ತೂಗಿ ಕೊಡ್ತೀನಿ" ಅಂತ ನಮ್ಮನಿಯವ್ರು ಚ್ಯಾಷ್ಟಿ ಮಾಡ್ತಿರ್ತಾರ. ಮಾಡ್ಲಿ. ಆ ಚೀಲದಾಗಿಂದನ ಐದಾರು ವರ್ಷದಿಂದ ನಾನು ಸಣ್ಣ ಸಣ್ಣ ತೋಟ ಮಾಡ್ಕೋತ ಬಂದೀನಿ. ಒಂದು ತಟ್ಟಿಯೊಳಗ ಒಂದು ಗುಡಿಸಲಾ, ಮುಂದೊಂದು ಬಾವಿ, ಎರಡು ಗಿಡ, ಬಾಜೂಕ ಗರಿಕಿ ಹುಲ್ಲು. ನೋಡಿದವರು "ಎಲ್ಲಿ ಕಲ್ತೀರಿ ಅಕ್ಕಾರ?" ಅಂತಾರ. ಕಲಿಯೂದೇನೈತ್ರಿ? ನಮ್ಮ ಕಡೆ ಹುಟ್ಟಿದ ಹೆಣ್ಣುಮಕ್ಕಳು ಇದನ್ನ ಪಿಯುಸಿ ಮೊದಲ, ಸಾಲಿ ಮೊದಲ, ಅಕ್ಷರಾ ಮೊದಲನ ಕಲ್ತಿರ್ತಾರ.

ಕಾರಹುಣ್ಣಿಮಿ ಆದ ಮ್ಯಾಲ ಬರೂ ಅಮಾಸಿ ಮಣ್ಣೆತ್ತಿನ ಅಮಾಸಿ. ಎರಿ ಮಣ್ಣು ತಂದು ಎತ್ತು ಮಾಡೂದು, ಎತ್ತಿನ ಮುಂದ ಗ್ವಾದಲಿ ಮಾಡೂದು, ಗ್ವಾದಲ್ಯಾಗ ನಾಕು ಕಾಳು ಜ್ವಾಳ ಹಾಕೂದು. ಅದು ಮುಗೀತಂದ್ರ ಆಷಾಢದ ಮಂಗಳವಾರ ಗುಳ್ಳವ್ವ. ಗುಳ್ಳವ್ವಗ ಗುಲಗಂಜಿ, ಕುಸುಬಿ ಒತ್ತಿ ಸಿಂಗಾರ ಮಾಡಿ, ಬುತ್ತಿ ಕಟ್ಟಿಕೊಂಡು ಹೊರಗ ಹೋಗಿ ಉಣ್ಣೂದು. ದೀಪಾವಳಿ ಬಂತಂದ್ರ ಸಗಣಿ ಪಾಂಡವರು, ತಲಿಗೆ ಉತ್ರಾಣಿ ಕಡ್ಡಿ, ಚೆಂಡಹೂವು. ಸುಗ್ಗಿಯೊಳಗ ಜ್ವಾಳದ ದಂಟು ಸುಲದು ಬಂಡಿ, ಕನ್ನಡಕ. ಯಾವುದಕ್ಕೂ ಒಂದು ಪೈಸಾ ಖರ್ಚಿಲ್ಲ. ಈಗ ಊರಾಗ ಅಚ್ಚಿನ್ಯಾಗ ತಗದ ಮಣ್ಣೆತ್ತು ಜೋಡಿ ಲೆಕ್ಕದಾಗ ಮಾರಾಕ ಬರ್ತಾವ, ಬಣ್ಣ ಹಚ್ಚಿದ್ದು. ತಗೊಳ್ಳೂದು ತಪ್ಪಲ್ಲ, ಆದ್ರ ಹುಡುಗರ ಉಗರಾಗ ಮಣ್ಣು ಹೋಗಲಿಲ್ಲಂದ್ರ ಅದೆಂಥಾ ಮಣ್ಣೆತ್ತಿನ ಅಮಾಸಿ?

ಇಷ್ಟು ಮುನ್ನುಡಿ ಸಾಕು. ಹೇಳಬೇಕಂತ ಕುಂತದ್ದು ಬ್ಯಾರೇ ಒಂದು ಪರಾತದ ಕಥಿ.

ನಮ್ಮವ್ವಗ ಈಗ ಎಂಬತ್ತರ ಮ್ಯಾಲ ಆಗ್ಯಾವ. ಬಾಗಲಕೋಟಿ ನವನಗರದಾಗ ತಮ್ಮನ ಕಡೆ ಇರ್ತಾಳ. ಎರಡು ವರ್ಷದ ಹಿಂದ ಮೊಣಕಾಲು ಬ್ಯಾನಿ ಜಾಸ್ತಿ ಆಗಿ, ತಮ್ಮನ ಮನಿ ಮ್ಯಾಲಿನ ಮಹಡಿ, ಮೆಟ್ಟಲಾ ಹತ್ತೂದು ಆಗಂಗಿಲ್ಲಂತ ಹೇಳಿ, ಮಳಿಗಾಲಕ್ಕ ನಮ್ಮನಿಗೆ ಕರಕೊಂಡು ಬಂದ್ನಿ. ಹಗಲೆಲ್ಲಾ ಪಡಸಾಲ್ಯಾಗ ಕುಂತು ಸುಮ್ನ ಗ್ವಾಡಿ ನೋಡ್ತಿದ್ಲು. ಟೀವಿ ಬ್ಯಾಡ, ಭಜನಿ ಬ್ಯಾಡ. ಕೇಳಿದ್ದಕ್ಕ "ಹೂಂ", "ಉಂಹೂಂ", ಅಷ್ಟ. ನಾನು ಅಕಿ ಮುಂದನ ಚಾಪಿ ಹಾಸ್ಕೊಂಡು ನನ್ನ ತಟ್ಟಿ ತೋಟದ ಕೆಲಸಾ ಮಾಡ್ಕೋತ ಕೂಡ್ತಿದ್ನಿ. ಮೂರು ದಿನಾ ನೋಡಿದ್ಲು. ನಾಕನೇ ದಿನಾ ಕೇಳಿದ್ಲು:

"ಯಾರ ಮನಿ ಇದು?"

"ಯಾರದೂ ಅಲ್ಲಬೇ, ಸುಮ್ನ ಮಾಡೀನಿ."

"ಯಾರದೂ ಅಲ್ಲದ ಮನಿ ಯಾಕ ಮಾಡ್ತೀ? ನಮ್ಮ ಮನೀನ ಮಾಡು."

ನಮ್ಮ ಮನಿ ಅಂದ್ರ ಹಳೇ ಬಾಗಲಕೋಟ್ಯಾಗ ಹೊಳಿ ಕಡೆ ಇದ್ದ ಮನಿ. ಈಗ ಅದಿಲ್ಲ. ಗೊತ್ತಿಲ್ಲದವರ ಸಲುವಾಗಿ ಹೇಳ್ತೀನಿ. ನಮ್ಮೂರ ಹೊಳಿ ಘಟಪ್ರಭಾ. ಅದು ಮುಂದ ಹೋಗಿ ಕೃಷ್ಣೆಗೆ ಕೂಡ್ತೈತಿ. ಆಲಮಟ್ಟಿಯೊಳಗ ಕೃಷ್ಣೆಗೆ ಆಣೆಕಟ್ಟು ಕಟ್ಟಿದ ಮ್ಯಾಲ ನೀರು ಹೊಳಿಗುಂಟ ಹಿಂದಕ ಸರದು ನಮ್ಮೂರಿಗೆ ಬಂತು. 519.60 ಮೀಟರ್ ಅನ್ನೂ ಒಂದು ಅಂಕಿ ಐತಿ, ಅಣೇಕಟ್ಟು ತುಂಬಿದಾಗ ನೀರು ನಿಲ್ಲೂ ಮಟ್ಟ. ನಮ್ಮ ಕಡೆ ಅಕ್ಷರಾ ಬರದ ಮುದುಕರಿಗೂ ಆ ಅಂಕಿ ಬಾಯಿಪಾಠ. ಊರ ಹೊಳಿ ಕಡಿ ಭಾಗ ಖಾಲಿ ಆತು, ಮಂದಿ ನವನಗರಕ್ಕ ಹ್ವಾದ್ರು. ಸೆಕ್ಟರ್ ನಂಬರಿನ ಊರು. ಕಿಲ್ಲಾ, ಹಳಪೇಟಿ, ಹೊಸಪೇಟಿ, ಜೈನಪೇಟಿ, ವೆಂಕಟಪೇಟಿ ಅಂತ ಓಣಿ ಹೆಸರಿನಿಂದ ಹೋಳಿ ಹುಣ್ಣಿಮಿಗೆ ಹಲಗಿ ಬಾರಿಸ್ಕೋತ ಬಣ್ಣದ ಬಂಡಿ ಹೊಂಡಸ್ತಿದ್ದ ಮಂದಿಗೆ ವಿಳಾಸಾ ಅಂದ್ರ ನಂಬರ್ ಆತು. ಹೋಳಿ ಇನ್ನೂ ಜೋರ ಆಗ್ತೈತಿ ಬಿಡ್ರಿ, ಅದನ್ನ ನೀರಿಗೂ ನಿಂದರಸಾಕ ಆಗಿಲ್ಲ.

ಮುಳುಗಡಿ ಆದ ಮಂದಿಗೆ ಹಳೇ ಸಾಮಾನು ಮತ್ತ ಬಳಸೂದು ಯಾರೂ ಕಲಿಸಬೇಕಾಗಿಲ್ಲ. ಮನಿ ಬಿಡುಮುಂದ ತೊಲಿ, ಜಂತಿ, ಬಾಗಲಾ, ಬೀಸೂಕಲ್ಲು, ಒಳ್ಳಾ, ಪರಸಿ ಎಲ್ಲಾ ಕಿತ್ಕೊಂಡು ಬಂಡಿ ಮ್ಯಾಲ ಹೇರಿಕೊಂಡು ಹ್ವಾದ್ರು. ನಮ್ಮಪ್ಪ ತಲಬಾಗಲಾ ಕಿತ್ತು ನವನಗರದ ಹೊಸಾ ಮನಿಗೆ ಕೂಡಿಸಿದಾ. ಸಿಮೆಂಟ್ ಗ್ವಾಡಿಗೆ ಸಾಗವಾನಿ ಬಾಗಲಾ, ಸಣ್ಣ ಹುಡುಗಗ ಅಜ್ಜನ ರುಮಾಲು ಸುತ್ತಿದಂಗ ಕಾಣಸ್ತೈತಿ. ಹಿತ್ತಲ ಮಾತ್ರ ಕಿತ್ಕೊಂಡು ಹೋಗಾಕ ಬರೂದಿಲ್ಲ ನೋಡ್ರಿ. ಫೋಟೋನೂ ಇಲ್ಲ. ಆಗಿನ ಕಾಲದಾಗ ಫೋಟೋ ತಗಿಸಿದ್ರ ಮದುಮಕ್ಕಳದು, ಜಾವಳದ ಕೂಸಿಂದು. ಹಿತ್ತಲದ ಫೋಟೋ ಯಾರು ತಗಿಸ್ತಾರ?

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ. ನಮ್ಮವ್ವ ಮತ್ತು ನಮ್ಮ ಚಿಗವ್ವ ಸ್ವಂತ ಅಕ್ಕತಂಗಿ. ಅಣ್ಣ ತಮ್ಮಗ ಕೊಟ್ಟು ಒಂದೇ ಮನಿಗೆ ಸೊಸ್ತ್ಯಾರಾಗಿ ಬಂದವ್ರು. ಕಾಕಾ ಸೀರಿ ವ್ಯಾಪಾರಕ್ಕಂತ ಮುಂಚೇನ ಇಳಕಲ್ಲಿಗೆ ಹೋದಾ, ಚಿಗವ್ವನೂ ಹೋದ್ಲು. ಮುಂದ ಮನಿಗೆ ಪರಿಹಾರದ ರೊಕ್ಕ ಬಂತು. ಬಂದ ರೊಕ್ಕ ಹಂಚೂಮುಂದ ಒಂದು ಮಾತು ಬಂತು, ಅದಕ್ಕೊಂದು ಮಾತು ಹುಟ್ಟಿತು. ಯಾರ ಕಡೆ ಎಷ್ಟು ನ್ಯಾಯ ಇತ್ತು ಅಂತ ನಾ ಇವತ್ತಿಗೂ ಹೇಳಂಗಿಲ್ಲ, ಕೊಟ್ಟ ಹೆಣ್ಣುಮಗಳು ನಾನು. ಅಪ್ಪನೂ ಹೋದಾ, ಕಾಕಾನೂ ಹೋದಾ. ಅಕ್ಕತಂಗಿ ಮಾತ್ರ ಇಪ್ಪತ್ತು ವರ್ಷ ಲಗ್ನದಾಗ, ದಿನಾ ಕರ್ಮದಾಗ ಎದುರಾದ್ರ "ಆರಾಮಿದ್ದೀ?" "ಆರಾಮ" ಅಂದು ಆ ಕಡೆ ಈ ಕಡೆ ಹೋಗ್ತಿದ್ರು. ಬಾಗಲಕೋಟಿಂದ ಮುಳುಗಡಿ ಆದದ್ದು ಬರೇ ಮನಿ ಅಲ್ಲ, ಎಷ್ಟೋ ಕುಟುಂಬದಾಗ ಹಿಂಗ ಆಗೈತಿ, ಕೇಳಿ ನೋಡ್ರಿ.

ಇರ್ಲಿ. ಅವ್ವ "ನಮ್ಮ ಮನಿ ಮಾಡು" ಅಂದ ಮ್ಯಾಲ ನನಗ ಮೊದಲ ಬೇಕಾಗಿದ್ದು ಅಳತಿ. ಮಾಳಗಿ ಮ್ಯಾಲ ದೊಡ್ಡ ಪರಾತ ಒಂದಿತ್ತು, ಲಗ್ನದಾಗ ಹುಗ್ಗಿ ತೋಡೂ ಅಂಥಾದ್ದು, ಎರಡೂವರಿ ಫೂಟು ಅಗಲ, ತಳಕ್ಕ ಮೂರು ತೂತು. ತೋಟಕ್ಕ ತೂತು ಬಿದ್ದ ಪಾತ್ರೀನ ಚೊಲೋ, ನೀರು ನಿಲ್ಲೂದಿಲ್ಲ. ತೂತಿನ ಮ್ಯಾಲ ಹಂಚಿನ ಚೂರು ಇಟ್ಟ್ರ ಮಣ್ಣು ಸೋರೂದಿಲ್ಲ. ಆದ್ರ ಆ ಪರಾತದಾಗ ಹಿತ್ತಲ ಎಷ್ಟರದು ಹಿಡಸ್ತೈತಿ? ಅವ್ವಗ ಫೂಟು, ಮೀಟರ್ ಗೊತ್ತಿಲ್ಲ, ಮೊಳ ಗೊತ್ತು. "ಹಿಂದಿನ ಬಾಗಲದಿಂದ ಬಾವಿಗೆ ಹನ್ನೆರಡು ಮೊಳ. ಬಾವಿಯಿಂದ ಹಿತ್ತಲ ಗ್ವಾಡಿಗೆ ಎಂಟು." ಹೆಂಗ ಗೊತ್ತಂದ್ರ, ಬಟ್ಟಿ ಒಣ ಹಾಕೂ ಹಗ್ಗ ಅಕೀನ ಅಳದು ಕಟ್ಟಿದ್ಲಂತ. 24 ಅಂಗುಲಕ್ಕ ಒಂದು ಮೊಳ ಅನ್ನೂದು ಹಿರ್ಯಾರ ಹಳೇ ಲೆಕ್ಕ. ಅಂಗುಲ ಅಂದ್ರ ಒಂದು ಬೆರಳಿನ ಅಗಲ. ಹಂಗಾಗಿ ನಾನು ಒಂದು ಮೊಳಕ್ಕ ಒಂದು ಬೆರಳು ಹಿಡದ್ನಿ. ಇಪ್ಪತ್ತು ಮೊಳದ ಹಿತ್ತಲ ಇಪ್ಪತ್ತು ಬೆರಳಿನ್ಯಾಗ ಬಂತು. ಈ ಲೆಕ್ಕ ನೀವೂ ನೆನಪಿಟ್ಟುಕೊಳ್ರಿ, ಸಣ್ಣ ತೋಟದಾಗ ಮನಿ ಸಣ್ಣದು, ಬಿಂದಗಿ ದೊಡ್ಡದು ಆಗೂದು ಅಳತಿ ಇಲ್ಲದಕ್ಕ. ಮನಷ್ಯಾನ ಎತ್ತರ ಮೂರೂವರಿ ಮೊಳ ಅಂದ್ರ ಬೊಂಬಿ ಮೂರೂವರಿ ಬೆರಳು. ಬಾಗಲಾ ನಾಕು ಬೆರಳು. ಮುಂದಿನ ಮನಿ ಹಿಡಸೂದಿಲ್ಲಂತ ಹಿಂದಿನ ಗ್ವಾಡಿ ಮತ್ತು ಹಿತ್ತಲ ಅಷ್ಟ ಮಾಡೂದಂತ ಇಬ್ಬರೂ ಠರಾಯಿಸಿದ್ವಿ.

ಗ್ವಾಡಿಗೆ ರಟ್ಟಿನ ಡಬ್ಬಿ ಕತ್ತರಿಸಿದ್ನಿ. ಅದರ ಮ್ಯಾಲ ಕಾಗದದ ರಾಡಿ. ನಮ್ಮ ಕಡೆ ರದ್ದಿ ಪೇಪರಿನ ಬುಟ್ಟಿ ಮಾಡೂದು ನಿಮಗ ಗೊತ್ತಿದ್ದೀತು. ಪೇಪರ್ ಮೂರು ನಾಕು ದಿನಾ ನೆನಿ ಇಡೂದು, ದಿನಾ ನೀರು ಬದಲಿ ಮಾಡೂದು, ಹಿಂಡಿ, ನೆನದ ಮೆಂತ್ಯದ ಕೂಡ ರುಬ್ಬೂದು, ಕೊಡಪಾನ ಬೋರಲ ಹಾಕಿ ಅದರ ಮ್ಯಾಲ ಬಡಿಯೂದು. ಮೆಂತ್ಯ ಅಂಟಿಗೂ ಆತು, ಕಹಿಗೆ ಹುಳಾನೂ ಹತ್ತೂದಿಲ್ಲ. ಅದೇ ರಾಡಿ ಇಲ್ಲಿ ಗ್ವಾಡಿಗೆ. ಇನ್ನಷ್ಟು ಗಟ್ಟಿ ಬೇಕಂದ್ರ ಹುಣಸಿಬೀಜ ಹುರದು ಸಿಪ್ಪಿ ತಗದು, ನೆನಿಸಿ ರುಬ್ಬಿ, ಕುದಿಸಿ ಸರಿ ಮಾಡ್ಕೋರಿ. ಕೊಪ್ಪಳ ಜಿಲ್ಲಾದ ಕಿನ್ನಾಳದಾಗ ಗೊಂಬಿ ಮಾಡೂ ಚಿತ್ರಗಾರರು ಕಟ್ಟಿಗಿ ಹೊಟ್ಟು, ಚಿಂದಿ, ಹುಣಸಿಬೀಜದ ಅಂಟು ಇವನ್ನ ಬಳಸಿನ ತಲತಲಾಂತರದಿಂದ ಕೆಲಸಾ ಮಾಡ್ಕೋತ ಬಂದಾರ. ಫೆವಿಕಾಲ್ ಬರೂ ಮುಂಚೆ ಜಗತ್ತು ಅಂಟದ ಏನ್ ನಿಂತಿರಲಿಲ್ಲ.

ಗ್ವಾಡಿ ಒಣಗಿದ ಮ್ಯಾಲ ಮಣ್ಣು ಮೆತ್ತೂದು. ಹುನಗುಂದದ್ದು ಪೂರಾ ಎರಿ ಮಣ್ಣು. ಹಸೀ ಇದ್ದಾಗ ಬೆಣ್ಣಿ, ಒಣಗಿತಂದ್ರ ಬಿರಕ. ಹೊಲದಾಗ ಬ್ಯಾಸಗ್ಯಾಗ ಕಾಲು ಹೋಗೂವಷ್ಟು ಬಿರಕ ಬಿಡೂ ಮಣ್ಣು ಬೆರಳಗಾತ್ರದ ಗ್ವಾಡಿ ಮ್ಯಾಲ ಸುಮ್ನ ಇರತೈತೇನು? ಅದಕ್ಕ ಅರ್ಧಕ್ಕರ್ಧ ಮಸಾರಿ ಮಣ್ಣು, ಒಂದು ಮುಟಗಿ ಜ್ವಾಳದ ಹೊಟ್ಟು, ಒಂದು ಚಮಚಾ ಅಂಟು ಹಾಕಿ ಕಲಿಸಬೇಕು. ಮಸಾರಿ ಮಣ್ಣು ಬಾದಾಮಿಂದ ತರಿಸಿದ್ನಿ, ನನ್ನ ಮಗಳನ್ನ ಕೊಟ್ಟದ್ದು ಅಲ್ಲೇ. ಅಗಸ್ತ್ಯ ತೀರ್ಥದ ಸುತ್ತ ಇರೂ ಕೆಂಪು ಗುಡ್ಡ ನೋಡೀರಲ್ಲ, ಅದೇ ಬಣ್ಣ. ಚಾಲುಕ್ಯರು ಆ ಕಲ್ಲಾಗ ಗುಡಿ ಕೊರದ್ರು, 578ರ ಶಾಸನ ಮೂರನೇ ಗುಹಾದಾಗ ಐತಿ. ನಾವು ಅದರ ಬುಡದ ಮಣ್ಣಾಗ ಬಚ್ಚಲಾ ಕಟ್ಟಿದ್ವಿ.

ಬಾಗಲದ ವಿಷಯದಾಗ ಅವ್ವ ಭಾಳ ಹಟ ಮಾಡಿದ್ಲು. ಹಿಂದಿನ ಬಾಗಲಾ ಬನಶಂಕರಿ ಜಾತ್ರ್ಯಾಗ ತಂದದ್ದಂತ. ಪುಷ್ಯ ಮಾಸದ ಬನದ ಹುಣ್ಣಿಮಿ ಜಾತ್ರಿಗೆ ನಾಟಕಾ ನೋಡಾಕ ಹೋಗೂವರು ಒಂದು ಕಡೆ, ಮನಿಗೆ ಚೌಕಟ್ಟು, ಬಾಗಲಾ ಕೊಳ್ಳಾಕ ಹೋಗೂವರು ಇನ್ನೊಂದು ಕಡೆ. ಅಪ್ಪ ಚೌಕಟ್ಟು ಬಂಡ್ಯಾಗ ಹೇರಿಕೊಂಡು ಅದರ ಮ್ಯಾಲ ಕುಂತು ಬಂದನಂತ. ಅದಕ್ಕ ನಾಕು ಹಲಗಿ, ನಡಕ ಪಟ್ಟಿ, ಚಿಲಕ ಎಡಕ್ಕ. ಐಸ್ಕ್ರೀಮ್ ಕಡ್ಡಿ ನಾಕು ಜೋಡಿಸಿ, ಕಡ್ಡಿಪೆಟ್ಟಿಗಿ ಕಡ್ಡಿ ಪಟ್ಟಿ ಬಡದು, ಚಹಾದ ನೀರಾಗ ಅದ್ದಿ ಬಣ್ಣ ಬರಿಸಿದ್ನಿ. ಚಿಲಕಕ್ಕ ಸೀರಿ ಪಿನ್ನಿನ ತುಂಡು.

ಬಾವಿ ತೆಂಗಿನ ಚಿಪ್ಪಿಂದು. ಬಾಯಿಗೆ ಹಚ್ಚಾಕ ಇಳಕಲ್ಲಿನ ಕೆಂಪು ಗ್ರಾನೈಟಿನ ಸಣ್ಣ ಚೂರು, ಕಲ್ಲು ಕೊಯ್ಯೂ ಕಾರ್ಖಾನಿ ಹೊರಗ ರಾಶಿ ಬಿದ್ದಿರ್ತಾವ. ದೇಶ ದೇಶಕ್ಕ ಹೋಗೂ ಕಲ್ಲದು, ಚೂರು ಮಾತ್ರ ನಮ್ಮ ಪಾಲಿಗೆ. ಗಾಲಿಗೆ ಹೊಲಿಗಿ ಮಶೀನಿನ ಹಳೇ ಬಾಬಿನ್, ಕೊಡಕ್ಕ ಟೂತ್‌ಪೇಸ್ಟಿನ ಮುಚ್ಚಳಾ. ನೀರು ಹೆಂಗ ತೋರಸೂದಂತ ಎರಡು ದಿನಾ ಯೋಚನಿ ಮಾಡಿದ್ನಿ. ಒಡದ ಕನ್ನಡಿ ಇಟ್ಟ್ರ ಭಾಳ ಬೆಳಕ, ಬಾವಿ ನೀರಿಗೆ ಅಷ್ಟು ಬೆಳಕ ಇರೂದಿಲ್ಲ. ಕಡೀಕ ಅವ್ವನ ಮೊಣಕಾಲಿನ ಹಳೇ ಎಕ್ಸ್‌ರೇ ಸಿಕ್ತು. ದುಂಡಗ ಕತ್ತರಿಸಿ ಚಿಪ್ಪಿನ ತಳಕ್ಕಿಟ್ಟ್ನಿ, ಕರೇ ನೀಲಿ, ಆಳಾ ಅಂದ್ರ ಆಳಾ. "ನನ್ನ ಮೊಣಕಾಲು ಬಾವಿಗೆ ಬಿತ್ತು" ಅಂತ ಅವ್ವ ನಕ್ಕಳು. ನಮ್ಮನಿಗೆ ಬಂದ ಮ್ಯಾಲ ಅಕಿ ನಕ್ಕದ್ದು ಅದೇ ಮೊದಲ.

ಗಿಡಕ್ಕ ಬಂದಾಗ ಕಾಳಗ ಸುರು ಆತು.

ಬಾವಿ ಬಾಜೂಕ ನುಗ್ಗಿ ಗಿಡ ಅಂತ ನನ್ನ ನೆನಪು. ಅವ್ವ "ನುಗ್ಗಿ ಎಲ್ಲಿದ್ದು? ಅಲ್ಲಿ ಪೇರಲ ಗಿಡ ಇತ್ತು" ಅಂದ್ಲು. ನಾನು ಲಂಗಾ ಉಟ್ಟು ಆಡೂ ಕಾಲಕ್ಕ ಆ ನುಗ್ಗಿ ಟೊಂಗಿಗೆ ಜೋಕಾಲಿ ಕಟ್ಟಾಕ ಹೋಗಿ ಬೈಸಿಕೊಂಡದ್ದು ಇನ್ನೂ ಕಿವ್ಯಾಗೈತಿ, ನುಗ್ಗಿ ಟೊಂಗಿ ಮೆದು, ಲಟಕ್ಕನ ಮುರಿತೈತಿ. ಅವ್ವ ಕೇಳವಲ್ಲಳು. "ಹಂಗಾರ ಚಿಗವ್ವನ್ನ ಕೇಳೂಣ" ಅಂತ ಬಾಯಿಗೆ ಬಂದದ್ದು ಅಂದುಬಿಟ್ಟ್ನಿ. ಅವ್ವ ಸುಮ್ಮನಾದ್ಲು. ಸಂಜಿ ಮುಂದ ಅಕೀನ "ಕೇಳು" ಅಂದ್ಲು. ಫೋನ್ ಹಚ್ಚಿ ಸ್ಪೀಕರ್ ಇಟ್ಟ್ನಿ.

"ನುಗ್ಗಿ ಗಿಡಾನ ಇತ್ತು" ಅಂದ್ಲು ಚಿಗವ್ವ. "ನಿಮ್ಮವ್ವಗ ಏನ್ ನೆನಪಿರತೈತಿ? ನುಗ್ಗಿಕಾಯಿ ಕಡಿಯೂದು ನನ್ನ ಪಾಳಿ ಇತ್ತು. ಕಂಬಳಿ ಹುಳಾ ಬಿದ್ದು ಮೈಯೆಲ್ಲಾ ಉರಕೊಂಡಾಕಿ ನಾನು."

ಅವ್ವ ಫೋನಿನ ಕಡೆ ಬಗ್ಗಿ, "ಪಾಳಿ ನಿಂದು ಯಾವಾಗ ಇತ್ತಬೇ? ನೀ ಹೊತ್ತೇರಿ ಏಳ್ತಿದ್ದಿ" ಅಂದ್ಲು.

ಆ ಕಡೆ ಒಂದು ಗಳಿಗಿ ಸದ್ದಿಲ್ಲ. ಆಮ್ಯಾಲ ಚಿಗವ್ವ, "ಅಕ್ಕಾ, ನೀನೂ ಅದೀಯೇನ ಅಲ್ಲೇ?" ಅಂದ್ಲು.

ಅರ್ಧ ತಾಸು ಜಗಳಾಡಿದ್ರು. ನುಗ್ಗಿ, ಪೇರಲ, ಕರಿಬೇವು ಬಚ್ಚಲದ ಎಡಕ್ಕೋ ಬಲಕ್ಕೋ, ಒಳಕಲ್ಲು ಯಾರ ಕಾಲಿನ ಮ್ಯಾಲ ಬಿತ್ತು, ಇಂಥಾವಕ್ಕ. ರೊಕ್ಕದ ಮಾತು ಒಂದೂ ಬರಲಿಲ್ಲ. ಕಡೀಕ ತಿಳಿದದ್ದೇನಂದ್ರ ಇಬ್ಬರದೂ ಖರೇ. ಚಿಗವ್ವ ಇಳಕಲ್ಲಿಗೆ ಹೋದ ಮುಂದಿನ ವರ್ಷ ಗಾಳಿ ಮಳಿಗೆ ನುಗ್ಗಿ ಬುಡ ಸಮೇತ ಬಿತ್ತು. ಅದೇ ತೆಗ್ಗಿನ್ಯಾಗ ಅವ್ವ ಪೇರಲ ಹಚ್ಚಿದ್ಲು. ಅಂದ್ರ ಚಿಗವ್ವನ ಹಿತ್ತಲ ಬ್ಯಾರೆ ವರ್ಷದ್ದು, ಅವ್ವಂದು ಬ್ಯಾರೆ ವರ್ಷದ್ದು.

"ಹಂಗಾರ ಯಾವ ವರ್ಷದ್ದು ಮಾಡ್ಲಿ?" ಅಂತ ಕೇಳಿದ್ನಿ. ಅವ್ವ ಭಾಳ ಹೊತ್ತು ಯೋಚನಿ ಮಾಡಿದ್ಲು. "ನುಗ್ಗಿ ಹಚ್ಚು" ಅಂದ್ಲು. ಅಂದ್ರ ಇಬ್ಬರೂ ಆ ಮನ್ಯಾಗ ಇದ್ದ ವರ್ಷದ್ದು. ಅಕಿ ಹಂಗ ಬಾಯಿಬಿಟ್ಟು ಹೇಳಲಿಲ್ಲ, ನಾ ತಿಳಕೊಂಡ್ನಿ.

ನುಗ್ಗಿ ಎಲಿ ಸಣ್ಣ, ದುಂಡಗ. ಅದನ್ನ ಸ್ಪಂಜಿನ್ಯಾಗ ಮಾಡಾಕ ಬರೂದಿಲ್ಲ. ಬೇವು, ಮಾವು, ಹುಣಸಿಗೆ ಪಾತ್ರಿ ತಿಕ್ಕೂ ಹಳೇ ಸ್ಪಂಜು ಹರದು ಬಣ್ಣ ಹಾಕಿದ್ರ ನಡಿತೈತಿ, ನುಗ್ಗಿಗೆ ನಡಿಯೂದಿಲ್ಲ. ಸುಟ್ಟ ಮೋಟರಿನ ತಾಮ್ರದ ತಂತಿ ಹೊಸದು ಟೊಂಗಿ ಮಾಡಿದ್ನಿ. ಎಲಿಗೆ ಏನು? ವಾರ ಕಳದ ಮ್ಯಾಲ ಚಿಗವ್ವನ ಬಂದ್ಲು, ಇಳಕಲ್ಲಿಂದ ಬಸ್ಸಿನ್ಯಾಗ ಅರ್ಧ ತಾಸಿನ ದಾರಿ, ಇಪ್ಪತ್ತು ವರ್ಷ ಹಿಡದಿತ್ತು. ಕೈಯಾಗ ಒಂದು ಚೀಲ. ಒಳಗ ಏನಂದ್ರ ಮಗ್ಗದ ಉಳಕಿ ನೂಲು.

ಇಳಕಲ್ ಸೀರಿ ನೇಯೂದು ಗೊತ್ತಿದ್ದವರಿಗೆ ಗೊತ್ತು, ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಎರಡನ್ನೂ ಒಂದೊಂದ ಎಳಿ ಕೊಂಡಿ ಹಾಕಿ ಜೋಡಸ್ತಾರ, ಅದಕ್ಕ ಕೊಂಡಿ ಸೀರಿ ಅಂತಾರ. ಸೆರಗಿಗೆ ರೇಶ್ಮಿ, ತೋಪು ತೆನಿ. ಇಷ್ಟೆಲ್ಲಾ ಮಾಡುಮುಂದ ಕತ್ತರಿಸಿದ ತುದಿ, ಉಳದ ಎಳಿ ಕಸಕ್ಕ ಹೋಗ್ತಾವ. ಗಿಳಿಹಸಿರು, ದಾಳಿಂಬ ಕೆಂಪು, ನವಿಲಿನ ಬಣ್ಣ. ಗಿಳಿಹಸಿರು ರೇಶ್ಮಿ ಎಳಿ ಎಳ್ಳಿನಷ್ಟು ಕತ್ತರಿಸಿ, ತಂತಿಗೆ ಅಂಟು ಹಚ್ಚಿ ಅದರಾಗ ಹೊಳ್ಳಾಡಿಸಿದ್ನಿ. ನುಗ್ಗಿ ಅಂದ್ರ ನುಗ್ಗಿ! ಗಾಳಿಗೆ ಅಳ್ಳಾಡೂದೂ ಹಂಗ. ಬಾವಿ ಹಗ್ಗ ಅದೇ ನೂಲಿಂದು. ಬಟ್ಟಿ ಒಣ ಹಾಕೂ ಹಗ್ಗಾನೂ ಅದರದ, ಅವ್ವ ಮರೀಲಿಲ್ಲ, ಅದರ ಮ್ಯಾಲ ಬೆರಳಗಲದ ಖಣದ ಚಿಂದಿ ಕುಬಸ ಅಂತ ಒಣ ಹಾಕಿದ್ಲು. ಗುಳೇದಗುಡ್ಡದ ಖಣ ಚಿಂದಿ ಇದ್ರೂ ಖಣಾನ.

ತುಳಸಿಕಟ್ಟಿ ಹೆಂಗಿತ್ತು ಅಂತ ಇಬ್ಬರಿಗೂ ಪಕ್ಕಾ ನೆನಪಿರಲಿಲ್ಲ. ಚಿಗವ್ವ ಉಟ್ಟ ಹಳೇ ಕಸೂತಿ ಸೀರಿ ಸೆರಗಿನ್ಯಾಗ ತುಳಸಿಕಟ್ಟಿ ಇತ್ತು, ಆನಿ, ತೇರು, ಗೋಪುರದ ಸಾಲಿನ್ಯಾಗ. ಅದನ್ನ ಎಣಿಸಿ, ಔಷಧದ ರಟ್ಟಿನ ಡಬ್ಬಿಯೊಳಗ ಮೂರು ಮೆಟ್ಟಲಾ ಮಾಡಿ ಕಟ್ಟಿದ್ವಿ. ಕಸೂತ್ಯಾಗ ಗವಂತಿ, ಮುರ್ಗಿ, ನೇಗಿ, ಮೆಂತಿ ಅಂತ ನಾಕು ನಮೂನಿ ಹೊಲಿಗಿ ಅದಾವ. ಗ್ವಾಡಿಗೆ ಮೆಂತ್ಯ, ಸೀರಿಗೂ ಮೆಂತಿ. ಬಾಗಲಕೋಟಿ ಹೆಣ್ಣುಮಕ್ಕಳ ಬಾಳೇವು ಪೂರಾ ಮೆಂತ್ಯದ ಮ್ಯಾಲ ನಿಂತೈತಿ ಅಂತ ಚಿಗವ್ವ ನಗಚಾಟಕಿ ಮಾಡಿದ್ಲು.

ಇಂಥಾ ಕೆಲಸಾ ನಾನೊಬ್ಬಾಕಿನ ಮಾಡೂದಲ್ಲ ಬಿಡ್ರಿ. ಚಂಡೀಗಢದ ರಾಕ್ ಗಾರ್ಡನ್ ಹೆಸರು ಕೇಳೀರಿ. ನೇಕ್ ಚಂದ್ ಅಂತ ರಸ್ತೆ ಇನ್ಸ್‌ಪೆಕ್ಟರ್ ಒಬ್ಬರು 1957ರಿಂದ ಸರಕಾರದ ಕಾಡಿನ್ಯಾಗ ಯಾರಿಗೂ ಗೊತ್ತಿಲ್ಲದಂಗ ಒಡದ ಬಳಿ, ಪಿಂಗಾಣಿ ಚೂರು ಜೋಡಿಸಿ ಮಂದಿ, ಪ್ರಾಣಿ ಮಾಡಿ ನಿಲ್ಲಿಸಿದ್ರು. ಗೊತ್ತಾದ ಮ್ಯಾಲ 1976ರಾಗ ಅದನ್ನ ಮಂದಿಗೆ ತೆರದ್ರು. 2015ರಾಗ ತೀರಿಕೊಂಡ್ರು. ನನಗ ಮನಸ್ಸಿಗೆ ಹತ್ತಿದ್ದು ಬ್ಯಾರೆ ಸಂಗತಿ. ಅವರ ಹುಟ್ಟೂರು ದೇಶ ಎರಡು ಆದಾಗ ಪಾಕಿಸ್ತಾನದ ಕಡೆ ಉಳೀತು. ಚಂಡೀಗಢ ಕಟ್ಟಾಕ ಕೆಡವಿದ ಹಳ್ಳಿಗಳ ಸಾಮಾನಾ ಅವರು ಆರಿಸಿ ತಂದದ್ದು. ನಮ್ಮ ಕಡೆ ಶಿಗ್ಗಾಂವಿ ತಾಲೂಕು ಗೊಟಗೋಡಿಯೊಳಗ ಕಲಾವಿದ ಟಿ.ಬಿ. ಸೊಲಬಕ್ಕನವರ ಮಾಡಿಸಿದ ಉತ್ಸವ್ ರಾಕ್ ಗಾರ್ಡನ್ ಐತಿ, ಹಳ್ಳಿ ಬಾಳೇವೆಲ್ಲಾ ಆಳೆತ್ತರದ ಮೂರ್ತಿಯೊಳಗ. ಆಲಮಟ್ಟಿ ಆಣೆಕಟ್ಟಿನ ಹತ್ತರಾನೂ ಒಂದು ರಾಕ್ ಗಾರ್ಡನ್ ಐತಿ, ರವಿವಾರ ಬುತ್ತಿ ಕಟ್ಟಿಕೊಂಡು ಹೋಗೂ ಮಂದಿ ಭಾಳ. ನಮ್ಮವ್ವನ್ನ ಕರದ್ರ ಬರೂದಿಲ್ಲ. "ನಮ್ಮ ನೀರು ನೋಡಾಕ ನಾ ಟಿಕೇಟ್ ತಗಸ್ಲೇನು?" ಅಂತಾಳ.

ಕೂಡಲಸಂಗಮಕ್ಕ ಮಾತ್ರ ಹೋಗಿ ಬಂದ್ವಿ, ಮೂವರೂ. ಬಸವಣ್ಣನವರ ಐಕ್ಯ ಮಂಟಪದ ಸುತ್ತ ನೀರು, ನಾರಾಯಣಪುರ ಆಣೆಕಟ್ಟಿನ ಹಿನ್ನೀರು. ಮಂಟಪ ಉಳಿಸಾಕ ಸುತ್ತ ಬಾವಿಯಂಗ ದುಂಡಗ ಗ್ವಾಡಿ ಎಬ್ಬಿಸಿ, ಮೆಟ್ಟಲಾ ಇಳದು ಹೋಗೂವಂಗ ಮಾಡ್ಯಾರ. ಮೊಣಕಾಲಿನ ಸಲುವಾಗಿ ಅವ್ವ ಕೆಳಗ ಇಳೀಲಿಲ್ಲ. ಮ್ಯಾಲೆ ನಿಂತು ಬಗ್ಗಿ ನೋಡಿ, "ಹಿಂಗ ಒಂದು ಗ್ವಾಡಿ ಕಟ್ಟಿದ್ರ ನಮ್ಮ ಹಿತ್ತಲಾನೂ ಉಳಿತಿತ್ತು" ಅಂದ್ಲು. ಚಿಗವ್ವ, "ಆಮ್ಯಾಲ ಮೆಟ್ಟಲಾ ಹತ್ತಿ ಇಳಿಯಾವ್ರು ಯಾರು?" ಅಂದು ಅಕಿ ರಟ್ಟಿ ಹಿಡಕೊಂಡ್ಲು.

ಮನಿಗೆ ಬಂದು ಉಳದ ಕೆಲಸಾ ಮುಗಿಸಿದ್ವಿ. ಬಾಳಿಗುಂಪು ಬಚ್ಚಲ ನೀರಿಗೆ ಹಚ್ಚಿದ್ದು, ಜ್ವಾಳದ ದಂಟಿನ ಬೆಂಡಿನ್ಯಾಗ ಆತು, ಎಲಿಗೆ ಹಸಿರು ಟೇಪು. ಒಳಕಲ್ಲು ಗುಂಡಿ, ಬೀಸೂಕಲ್ಲು ಅಂಗಿ ಗುಂಡಿ ಎರಡು. ಕಟ್ಟಿಗಿ ಒಟ್ಟು ಸುಟ್ಟ ಕಡ್ಡಿಪೆಟ್ಟಿಗಿ ಕಡ್ಡಿ. ಕೆಲವರು ಥರ್ಮಾಕೋಲ್ ಹಾಳಿ ಕೊಂಡು ತರ್ತಾರ, ಬ್ಯಾಡ್ರಿ. 2022ರ ಜುಲೈ 1ರಿಂದ ಅಲಂಕಾರದ ಥರ್ಮಾಕೋಲ್ ದೇಶದಾಗ ಬಂದ್ ಐತಿ, ಅದು ಮಣ್ಣಾಗ ಕೊಳಿಯೂದೂ ಇಲ್ಲ. ಟೀವಿ ಡಬ್ಬ್ಯಾಗ ಬಂದದ್ದು ಮನ್ಯಾಗ ಬಿದ್ದಿದ್ರ ಅದನ್ನ ಬಳಸ್ರಿ, ಹೊಸಾದು ತರಬ್ಯಾಡ್ರಿ. ಹೊಸಾದು ತಂದ್ರ ಅದು ರದ್ದಿ ಕೆಲಸಾನ ಅಲ್ಲ. ಬಣ್ಣಕ್ಕೂ ಅಷ್ಟ, ಅರಿಷಿಣ, ಕಾವಿ, ಇದ್ದಿಲಾ, ಸುಣ್ಣ ಇದ್ರ ನಮ್ಮ ಕಡೆ ಮನಿ ಬಣ್ಣ ಪೂರಾ ಬಂದುಬಿಡತಾವ.

ಪಲ್ಲೇದ ಮಡಿ ಒಂದು ಉಳದಿತ್ತು. ಹಿತ್ತಲ ಮೂಲ್ಯಾಗ ಅವ್ವ ಮೆಂತ್ಯದ ಮಡಿ ಮಾಡ್ತಿದ್ಲು, ನಾಕು ಮೊಳ ಉದ್ದ. ಅದನ್ನ ನೂಲಿನ್ಯಾಗ ಮಾಡೂದು ಬ್ಯಾಡ, 'ಖರೇ ಬೆಳಿ ಇರ್ಲಿ' ಅಂತ ಇಬ್ಬರದೂ ಒಮ್ಮತ. ಹಿಂತಾ ಒಮ್ಮತ ಅಪರೂಪಕ್ಕ ಆಗ್ತಿತ್ತು. ಸೋಸಿದ ಚಹಾಪುಡಿ ತೊಳದು ಒಣಗಿಸಿ ಎರಿ ಮಣ್ಣಿಗೆ ಕಲಿಸಿದ್ನಿ, ಸಕ್ರಿ ಉಳದ್ರ ಇರಿವಿ ಬರ್ತಾವ, ಚೊಲೋತಂಗ ತೊಳೀಬೇಕು. ಒಂದು ರಾತ್ರಿ ನೆನದ ಮೆಂತ್ಯ ಒತ್ತಿ ಮ್ಯಾಲ ತೆಳ್ಳಗ ಮಣ್ಣು ಉದರಿಸಿ, ದಿನಾ ಎರಡು ಹೊತ್ತು ಕೈಲೆ ನೀರು ಚಿಮಕಿಸಿದ್ವಿ. ಮೂರನೇ ದಿನಾ ಮೊಳಕಿ. ವಾರದಾಗ ಎರಡು ಬೆರಳು ಎತ್ತರ, ಅಂದ್ರ ಹಿತ್ತಲ ಲೆಕ್ಕದಾಗ ಎರಡು ಮೊಳದ ಮೆಂತ್ಯ. ಅಳತಿ ತಪ್ಪಿತಂತ ನಾ ತಲಿ ಕೆಡಿಸ್ಕೋಲಿಲ್ಲ, ಅವ್ವ "ಅಷ್ಟ ಎತ್ತರ ಬರ್ತಿತ್ತು" ಅಂತ ಸುಳ್ಳು ಹೇಳಿದ್ಲು.

ಚಿಗವ್ವ ಎರಡು ದಿನಕ್ಕಂತ ಬಂದಾಕಿ ಹನ್ನೊಂದು ದಿನಾ ಇದ್ಲು. ರೊಕ್ಕದ ಮಾತು ಮಾತಾಡಿದ್ರೋ ಇಲ್ಲೋ ನನಗ ತಿಳೀದು, ರಾತ್ರಿ ಇಬ್ಬರೂ ಒಂದ ಕೋಣ್ಯಾಗ ಮಲಗ್ತಿದ್ರು, ನಾ ಬಾಗಲಾ ಮುಂದ ಮಾಡ್ತಿದ್ನಿ. ಹೋಗೂ ದಿನಾ ಮುಂಜಾನಿ ನಾನು ರೊಟ್ಟಿ ಬಡ್ಯಾಕ ಕುಂತಿದ್ನಿ. ಪಡಸಾಲ್ಯಾಗ ಕತ್ತರಿ ಸಪ್ಪಳಾ. ಹೊರಗ ಬಂದು ನೋಡ್ತೀನಿ, ಅಕ್ಕತಂಗಿ ಪರಾತದ ಎರಡೂ ಕಡೆ ಕುಂತು ಮೆಂತ್ಯದ ಮಡಿ ಪೂರಾ ಕೊಯ್ದು ಸೆರಗಿನ್ಯಾಗ ಹಾಕ್ಕೊಂಡಾರ. ಉಳ್ಳಾಗಡ್ಡಿ ಹೆಚ್ಚಿ, ಶೇಂಗಾ ಪುಡಿ, ಉಪ್ಪು, ಹಸೀ ಎಣ್ಣಿ ಹಾಕಿ ಪಚಡಿ ಮಾಡಿದ್ರು. ಮೂರು ಮಂದಿಗೆ ಒಂದೊಂದು ತುತ್ತಿನಷ್ಟು ಬಂತು. ಬಿಸಿ ರೊಟ್ಟಿ ಕೂಡ ಉಂಡು ಚಿಗವ್ವ ಹತ್ತರ ಬಸ್ಸಿಗೆ ಹೋದ್ಲು. ಅವ್ವ ಕೈ ತೊಳಕೊಂಡು ಬಂದು ಪರಾತದ ಮುಂದ ಕುಂತು, "ಮೆಂತ್ಯ ನೆನಿ ಹಾಕಬೇ, ಮಡಿ ಬೋಳ ಕಾಣಸ್ತೈತಿ" ಅಂದ್ಲು.